ಟ್ರ್ಯಾಕ್ಟರಿನ ಎಂಜಿನನ್ನು ಮರಳಿ ಜೋಡಿಸಿದ ಮೇಲೆ ಕ್ಲಚ್ಚಿನಲ್ಲಿ ಕಾಣುವ ದೋಷಗಳೂ ಅವುಗಳ ಪರಿಹಾರವೂ

ಪೀಠಿಕೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ಮೂರು ಊರುಗಳು ಒಂದೇ ಹೆದ್ದಾರಿಯ ಮೇಲೆ ಒಂದರ ಮುಂದೊಂದು ಇದ್ದರೂ ಅವುಗಳ ಸುತ್ತಣ ಬೇಸಾಯದ ರೀತಿಯು ಬೇರೆ ಬೇರೆಯಾದುದು. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಪೂರ್ಣಗೊಂಡು ಎಡದಂಡೆಯ ಕಾಲುವೆಯಲ್ಲಿ ನೀರು ಹರಿಯತೊಡಗಿದ ತರುವಾಯ ಸಿಂಧನೂರಿನ ನೆಲವು ಬಹುಮಟ್ಟಿಗೆ ಬತ್ತದ ನೆಲವಾಯಿತು. ಲಿಂಗಸುಗೂರಿನ ಕಡೆ ಎರೆಯ ಹೊಲಗಳೂ, ಮಳೆಯನ್ನು ನಂಬಿದ ತೊಗರಿ, ಜೋಳ, ಸಜ್ಜೆ, ಹತ್ತಿಗಳೂ ಹೆಚ್ಚು. ಮೊದಲು ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾಗಿರುವ ಮಸ್ಕಿಯಲ್ಲಿ ಈ ಎರಡು ಬಗೆಯ ಬೇಸಾಯವೂ ಉಂಟು. ಆದರೆ ಮೂರು ಕಡೆಯಲ್ಲಿಯೂ ಉಳುಮೆಯ ಭಾರವು ಇಂದು ಎತ್ತುಗಳ ಹೆಗಲಿನಿಂದ ಟ್ರ್ಯಾಕ್ಟರಿನ ಮೇಲೆ ಬಿದ್ದಿರುವುದು ಎಲ್ಲರೂ ಬಲ್ಲ ಸಂಗತಿಯಾಗಿದೆ.

ಗ್ರಾಮದಲ್ಲಿ ಒಬ್ಬ ಭೂಮಾಲೀಕನ ಟ್ರ್ಯಾಕ್ಟರು ನಿಂತರೆ ಅವನೊಬ್ಬನ ಹೊಲವು ಮಾತ್ರ ಬೀಳು ಬೀಳುವುದಿಲ್ಲ. ಅವನಿಂದ ಬಾಡಿಗೆಗೆ ಪಡೆದು ಉಳುವ ಎಂಟು ಹತ್ತು ಮಂದಿ ಸಣ್ಣ ಹಿಡುವಳಿದಾರರ ಕೆಲಸವೂ ನಿಲ್ಲುವುದು. ಗದ್ದೆಗೆ ನೀರು ಬಂದು, ಮಡಿಯಲ್ಲಿ ಸಸಿಯು ಸಿದ್ಧವಾಗಿರುವಾಗ ಒಂದು ವಾರ ತಡವಾದರೆ ಸಸಿ ಬಲಿತು, ನಾಟಿ ಮಾಡಿದ ಮೇಲೆ ತೆಂಡೆಯೊಡೆಯುವುದು ಕಡಮೆಯಾಗುವುದು. ಎರೆಭೂಮಿಯಲ್ಲಾದರೋ ಬಿತ್ತನೆಯ ಹದವು ಕೆಲವೇ ದಿನಗಳು ನಿಂತು ಹೋಗುವುದು. ಹೀಗಿರುವಲ್ಲಿ ಎಂಜಿನಿನ ಅಥವಾ ಕ್ಲಚ್ಚಿನ ರಿಪೇರಿಗಾಗಿ ಟ್ರ್ಯಾಕ್ಟರನ್ನು ನಡುವಿಗೆ ಬಿಚ್ಚಿ, ಎಂಜಿನನ್ನು ಮರಳಿ ಕೂಡಿಸಿದ ಮೇಲೆ ಕ್ಲಚ್ಚು ಸರಿಯಾಗಿ ಕೆಲಸ ಮಾಡದಿದ್ದರೆ ಏನು ಮಾಡತಕ್ಕದ್ದು ಎಂಬುದನ್ನು ಪ್ರತಿಯೊಬ್ಬ ಯಜಮಾನನೂ ತಿಳಿದಿರುವುದು ಅವಶ್ಯ.

ಈ ಲೇಖನದಲ್ಲಿ ಮುಖ್ಯವಾಗಿ ಹೇಳತಕ್ಕ ಮಾತು ಒಂದೇ. ಎಂಜಿನನ್ನು ಕೂಡಿಸಿದ ಮರುಗಳಿಗೆಯಲ್ಲಿ ತೋರುವ ಕ್ಲಚ್ಚಿನ ದೋಷವು ಬಹುತರವಾಗಿ ಕೊಂಡು ತಂದ ಸಾಮಾನಿನ ದೋಷವಲ್ಲ. ಜೋಡಣೆಯ ಅಥವಾ ಹೊಂದಿಕೆಯ ದೋಷ. ಆದಕಾರಣ ಟ್ರ್ಯಾಕ್ಟರನ್ನು ಎರಡನೆಯ ಸಲ ಬಿಚ್ಚುವ ಮೊದಲು ಹೊರಗಿನಿಂದ ನೋಡಬಹುದಾದುದನ್ನೆಲ್ಲಾ ಕ್ರಮವಾಗಿ ನೋಡಿ ಮುಗಿಸತಕ್ಕದ್ದು. ಕಾಲು ಗಂಟೆಯ ಪರೀಕ್ಷೆಯು ಎರಡು ದಿನಗಳ ಕೂಲಿಯನ್ನು ಉಳಿಸುವ ಸಂಭವ ಉಂಟು.

ಕ್ಲಚ್ಚಿನ ರಚನೆ

ಎತ್ತುಗಳನ್ನು ನೊಗಕ್ಕೆ ಹೂಡುವುದೂ ನೊಗದಿಂದ ಬಿಡುವುದೂ ಹೇಗೋ, ಎಂಜಿನಿನ ಶಕ್ತಿಯನ್ನು ಗೇರ್ ಬಾಕ್ಸಿಗೆ ಹೂಡುವುದೂ ಬಿಡುವುದೂ ಹಾಗೆಯೇ. ಈ ಹೂಡುವ ಬಿಡುವ ಕೆಲಸವೇ ಕ್ಲಚ್ಚಿನದು.

ಎಂಜಿನಿನ ಹಿಂದುಗಡೆ ತಿರುಗುವ ಭಾರವಾದ ಕಬ್ಬಿಣದ ಚಕ್ರಕ್ಕೆ ಫ್ಲೈವ್ಹೀಲು ಎಂದು ಹೆಸರು. ಅದರ ಮುಖಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟು ಇರುವುದು. ಈ ಪ್ಲೇಟಿನ ಎರಡು ಮೈಗೂ ಒರಟಾದ ಲೈನಿಂಗನ್ನು ರಿವೆಟ್ಟುಗಳಿಂದ ಕೂಡಿಸಿರುವರು. ಅದರ ಹಿಂದೆ ಸ್ಪ್ರಿಂಗುಗಳುಳ್ಳ ಪ್ರೆಶರ್ ಪ್ಲೇಟು ಇದ್ದು, ಅದು ಕ್ಲಚ್ ಪ್ಲೇಟನ್ನು ಫ್ಲೈವ್ಹೀಲಿಗೆ ಬಿಗಿಯಾಗಿ ಅದುಮಿಟ್ಟಿರುವುದು. ಕ್ಲಚ್ ಪ್ಲೇಟಿನ ನಡುವಣ ರಂಧ್ರದಲ್ಲಿ ಹಲ್ಲುಗಳಿವೆ. ಗೇರ್ ಬಾಕ್ಸಿನಿಂದ ಮುಂದಕ್ಕೆ ಚಾಚಿರುವ ಶಾಫ್ಟಿನ ಹಲ್ಲುಗಳು ಅವುಗಳೊಳಗೆ ಸೇರುವುವು. ಅದೇ ಶಾಫ್ಟಿನ ತುದಿಯು ಫ್ಲೈವ್ಹೀಲಿನ ನಡುವಿನಲ್ಲಿರುವ ಪೈಲಟ್ ಬೇರಿಂಗಿನಲ್ಲಿ ಕುಳಿತುಕೊಳ್ಳುವುದು.

ಚಾಲಕನು ಪೆಡಲನ್ನು ತುಳಿದಾಗ ಸಲಾಕೆಯು ಫೋರ್ಕನ್ನು ಎಳೆದು, ಫೋರ್ಕು ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುವುದು. ಆ ಬೇರಿಂಗು ಪ್ರೆಶರ್ ಪ್ಲೇಟಿನ ಬೆರಳುಗಳನ್ನು ಒತ್ತುವುದು. ಆಗ ಅದುಮುವಿಕೆ ಸಡಿಲವಾಗಿ ಕ್ಲಚ್ ಪ್ಲೇಟು ಬಿಡುಗಡೆ ಹೊಂದುವುದು. ಕಾಲು ತೆಗೆದರೆ ಸ್ಪ್ರಿಂಗುಗಳು ಪುನಃ ಅದುಮುವುವು.

ಈಗಿನ ಅನೇಕ ಟ್ರ್ಯಾಕ್ಟರುಗಳಲ್ಲಿ ಎರಡು ಪ್ಲೇಟಿನ ಜೋಡಿ ಕ್ಲಚ್ಚು ಇರುವುದು. ಪೆಡಲನ್ನು ಅರ್ಧ ತುಳಿದರೆ ಟ್ರ್ಯಾಕ್ಟರಿನ ನಡಿಗೆ ನಿಲ್ಲುವುದು. ಪೂರಾ ತುಳಿದರೆ ರೊಟಾವೇಟರು ಮೊದಲಾದವನ್ನು ತಿರುಗಿಸುವ ಪಿ.ಟಿ.ಓ. ಶಾಫ್ಟು ಸಹ ನಿಲ್ಲುವುದು. ಇಂಥ ಯಂತ್ರದಲ್ಲಿ ಹೊಂದಿಕೆಯು ಇನ್ನೂ ಸೂಕ್ಷ್ಮವಾದುದೆಂದು ಅರಿಯಬೇಕು.

ದೋಷದ ಗುರುತುಗಳು

ಕ್ಲಚ್ಚಿನ ದೋಷಗಳು ಅನೇಕವಾಗಿ ತೋರಿದರೂ ಅವನ್ನು ನಾಲ್ಕು ಜಾತಿಯಾಗಿ ವಿಂಗಡಿಸಬಹುದು.

೧. ಬಿಡದಿರುವುದು. ಪೆಡಲನ್ನು ಪೂರಾ ತುಳಿದರೂ ಗೇರು ಬೀಳುವಾಗ ಹಲ್ಲು ಕಡಿಯುವ ಸದ್ದಾಗುವುದು; ಅಥವಾ ಗೇರು ಬಿದ್ದೊಡನೆ ಟ್ರ್ಯಾಕ್ಟರು ತಾನಾಗಿ ತೆವಳುವುದು.

೨. ಜಾರುವುದು. ಎಂಜಿನಿನ ವೇಗ ಏರುವುದು, ಟ್ರ್ಯಾಕ್ಟರು ಎಳೆಯದು. ಸುಟ್ಟ ವಾಸನೆ ಬರುವುದು.

೩. ನಡುಗುವುದು. ಪೆಡಲಿನಿಂದ ಕಾಲು ತೆಗೆಯುತ್ತಾ ಬಂದಂತೆ ಟ್ರ್ಯಾಕ್ಟರು ಅದುರುತ್ತಾ, ಕುಪ್ಪಳಿಸುತ್ತಾ ಹೊರಡುವುದು.

೪. ಸದ್ದು ಮಾಡುವುದು.

ಇವುಗಳಲ್ಲಿ ಯಾವುದು ಎಂಬುದನ್ನು ನಿಶ್ಚಯಿಸಿಕೊಳ್ಳದೆ ಯಾವ ನಟ್ಟಿಗೂ ಪಾನಾ ಹಚ್ಚಕೂಡದು. ಬಿಡದಿರುವ ಕ್ಲಚ್ಚಿಗೂ ಜಾರುವ ಕ್ಲಚ್ಚಿಗೂ ಚಿಕಿತ್ಸೆಯು ಒಂದಕ್ಕೊಂದು ವಿರುದ್ಧವಾದುದು. ಗುರುತು ತಪ್ಪಿದರೆ ಒಂದು ರೋಗಕ್ಕೆ ಇನ್ನೊಂದರ ಔಷಧವನ್ನು ಕೊಟ್ಟಂತಾಗುವುದು.

ಮೊದಲನೆಯ ಪರೀಕ್ಷೆ: ಪೆಡಲಿನ ಸಡಿಲು

ಎಂಜಿನನ್ನು ನಿಲ್ಲಿಸಿ, ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಬೇಕು. ಮೊದಲು ಸ್ವಲ್ಪ ದೂರ ಅದು ತಡೆಯಿಲ್ಲದೆ ಇಳಿಯುವುದು, ತರುವಾಯ ಗಟ್ಟಿಯಾಗುವುದು. ತಡೆಯಿಲ್ಲದೆ ಇಳಿಯುವ ಈ ದೂರವೇ ಪೆಡಲಿನ ಸಡಿಲು. ಒಂದು ಅಳತೆಯ ಪಟ್ಟಿಯನ್ನು ಪಕ್ಕದಲ್ಲಿ ಹಿಡಿದು ಇದನ್ನು ಅಳೆಯಬಹುದು. ಅನೇಕ ಟ್ರ್ಯಾಕ್ಟರುಗಳಲ್ಲಿ ಇದು ಸುಮಾರು ೨೦ರಿಂದ ೩೦ ಮಿಲಿಮೀಟರಿನಷ್ಟು ಇರಬೇಕೆಂದು ವಿಧಿಸಿರುವರು. ಆದರೆ ಆಯಾ ಯಂತ್ರದೊಡನೆ ಕೊಟ್ಟ ಕೈಪಿಡಿಯ ಅಂಕಿಯೇ ಪ್ರಮಾಣವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಲೈನಿಂಗು ಸವೆಯುತ್ತಾ ಹೋದಂತೆ ಪ್ರೆಶರ್ ಪ್ಲೇಟು ಫ್ಲೈವ್ಹೀಲಿನ ಕಡೆಗೆ ಸರಿಯುವುದು. ಅದರ ಬೆರಳುಗಳ ತುದಿಗಳು ಹಿಂದಕ್ಕೆ, ಎಂದರೆ ರಿಲೀಸ್ ಬೇರಿಂಗಿನ ಹತ್ತಿರಕ್ಕೆ ಬರುವುವು. ಆದುದರಿಂದ ಸವೆದ ಕ್ಲಚ್ಚಿನಲ್ಲಿ ಪೆಡಲಿನ ಸಡಿಲು ಕಡಮೆಯಾಗುವುದು. ಇದನ್ನು ಸರಿಪಡಿಸಲು ವರ್ಷ ವರ್ಷವೂ ಸಲಾಕೆಯನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ಹೊಂದಿಸಿರುವರು. ಈಗ ಹೊಸ ಪ್ಲೇಟನ್ನು ಹಾಕಿದೊಡನೆ ಬೆರಳುಗಳು ಪುನಃ ಮುಂದಕ್ಕೆ ಸರಿದು ಬೇರಿಂಗಿನಿಂದ ದೂರವಾಗುವುವು. ಸಲಾಕೆಯಾದರೋ ಹಳೆಯ ಅಳತೆಯಲ್ಲಿಯೇ ಉಳಿದಿರುವುದು. ಆಗ ಪೆಡಲಿನ ನಡೆಯಲ್ಲಿ ಬಹುಭಾಗವು ಸಡಿಲಿನಲ್ಲಿಯೇ ವ್ಯರ್ಥವಾಗಿ, ಬೆರಳುಗಳನ್ನು ಸಾಕಷ್ಟು ಒತ್ತಲಾರದೆ ಕ್ಲಚ್ಚು ಬಿಡದು.

ಉದಾಹರಣೆಗಾಗಿ ಹೀಗೆ ಭಾವಿಸೋಣ. ಕಾಲುವೆಗೆ ನೀರು ಬರುವ ವಾರದಲ್ಲಿ ಒಬ್ಬ ಭೂಮಾಲೀಕನು ಹೊಸ ಪ್ಲೇಟನ್ನು ಹಾಕಿಸಿದನು. ಕೂಡಿಸಿದ ಮೇಲೆ ಗೇರು ಬೀಳಲೊಲ್ಲದು. ಪ್ಲೇಟೇ ಕೆಟ್ಟುದೆಂದು ತಿಳಿದು ಅವನು ಎರಡನೆಯ ಸಲ ಬಿಚ್ಚಿಸಿ, ಇನ್ನೊಂದು ಪ್ಲೇಟನ್ನು ಕೊಂಡು ಹಾಕಿಸುವನು. ದೋಷವು ಹಾಗೆಯೇ ಇರುವುದು. ಮೂರನೆಯ ದಿನ ಯಾರೋ ಸಲಾಕೆಯ ನಟ್ಟನ್ನು ಕೆಲವು ಸುತ್ತು ತಿರುಗಿಸಿ ಸಡಿಲನ್ನು ಸರಿಪಡಿಸುವಲ್ಲಿ ಕ್ಲಚ್ಚು ಸಲೀಸಾಗಿ ಬಿಡುವುದು. ಒಂದು ಪ್ಲೇಟಿನ ಬೆಲೆ, ಎರಡು ದಿನಗಳ ಕೂಲಿ, ಮೂರು ದಿನಗಳ ನೀರು, ಇವೆಲ್ಲವೂ ಒಂದು ಅಳತೆಯ ಪಟ್ಟಿಯನ್ನು ಹಿಡಿಯದಿದ್ದುದರಿಂದ ನಷ್ಟವಾದುವು. ಆದುದರಿಂದ ಹೊಸ ಪ್ಲೇಟಿಗೆ ಹೊಸ ಹೊಂದಿಕೆ ಎಂಬುದನ್ನು ಮರೆಯಕೂಡದು.

ಇದಕ್ಕೆ ವಿರುದ್ಧವಾಗಿ ಸಡಿಲು ಎಳ್ಳಷ್ಟೂ ಇಲ್ಲದಿದ್ದರೆ ರಿಲೀಸ್ ಬೇರಿಂಗು ಯಾವಾಗಲೂ ಬೆರಳುಗಳನ್ನು ಒತ್ತಿಕೊಂಡಿರುವುದು. ಕ್ಲಚ್ಚು ಪೂರ್ತಿಯಾಗಿ ಹಿಡಿಯದೆ ಜಾರುವುದು. ಬೇರಿಂಗೂ ಬೇಗನೆ ಹಾಳಾಗುವುದು.

ಎರಡನೆಯ ಪರೀಕ್ಷೆ: ಕಿಂಡಿಯಿಂದ ನೋಡುವುದು

ಸಡಿಲು ಸರಿಯಾಗಿದ್ದೂ ಕ್ಲಚ್ಚು ಬಿಡದಿದ್ದರೆ ಹೌಸಿಂಗಿನ ಪಕ್ಕದಲ್ಲಿರುವ ಕಿಂಡಿಯ ಮುಚ್ಚಳವನ್ನು ತೆಗೆಯಬೇಕು. ಅನೇಕ ಟ್ರ್ಯಾಕ್ಟರುಗಳಲ್ಲಿ ಇಂಥ ಕಿಂಡಿ ಇರುವುದು. ಎಂಜಿನು ನಿಂತಿರಬೇಕು. ಒಬ್ಬನು ಪೆಡಲನ್ನು ತುಳಿಯುತ್ತಿರಲು ಮತ್ತೊಬ್ಬನು ದೀಪದ ಬೆಳಕಿನಲ್ಲಿ ಈ ಕೆಳಗಿನವನ್ನು ನೋಡಬೇಕು.

(ಅ) ಫೋರ್ಕು ತನ್ನ ನೆಲೆಯಲ್ಲಿ ಇದೆಯೋ, ಜಾರಿ ಹೊರಬಿದ್ದಿದೆಯೋ.

(ಆ) ರಿಲೀಸ್ ಬೇರಿಂಗನ್ನು ಹಿಡಿಯುವ ಕ್ಲಿಪ್ಪುಗಳು ಕುಳಿತಿವೆಯೋ, ಇಲ್ಲವೋ.

(ಇ) ಬೇರಿಂಗು ಎಲ್ಲಾ ಬೆರಳುಗಳನ್ನೂ ಏಕಕಾಲದಲ್ಲಿ ಮುಟ್ಟುವುದೋ, ಅಥವಾ ಒಂದನ್ನು ಮುಂಚೆಯೂ ಇನ್ನೊಂದನ್ನು ಆಮೇಲೂ ಮುಟ್ಟುವುದೋ. ಬೆರಳುಗಳ ಎತ್ತರವು ಒಂದೇ ಸಮನಾಗಿಲ್ಲದಿದ್ದರೆ ಪ್ಲೇಟು ಒಂದು ಪಕ್ಕದಲ್ಲಿ ಬಿಟ್ಟು ಇನ್ನೊಂದು ಪಕ್ಕದಲ್ಲಿ ಹಿಡಿದಿರುವುದು. ಕ್ಲಚ್ಚು ಬಿಡದಿರುವುದಕ್ಕೂ ನಡುಗುವುದಕ್ಕೂ ಇದು ಕಾರಣವಾಗಬಹುದು.

(ಈ) ಪೆಡಲಿನ ಸಲಾಕೆ, ಪಿನ್ನು, ಅಡ್ಡ ಶಾಫ್ಟುಗಳು ಸವೆದು ಜೋಲಾಡುತ್ತಿವೆಯೋ. ಪೆಡಲು ಚಲಿಸಿಯೂ ಫೋರ್ಕು ಅಷ್ಟೇ ಪ್ರಮಾಣದಲ್ಲಿ ಚಲಿಸದಿದ್ದರೆ ದೋಷವು ಹೊರಗಿನದೇ ಆಗಿದ್ದು, ಬಿಚ್ಚಬೇಕಾದ ಅಗತ್ಯವಿಲ್ಲ.

ಪೆಡಲಿನಿಂದ ಕ್ಲಚ್ಚಿಗೆ ಎಣ್ಣೆಯ ಒತ್ತಡದಿಂದ ಚಲನೆ ಒಯ್ಯುವ ಕಾರು, ಜೀಪು ಮುಂತಾದ ವಾಹನಗಳಲ್ಲಿ ಎಂಜಿನು ಕೂಡಿಸಿದ ಮೇಲೆ ನಳಿಕೆಯಲ್ಲಿ ಗಾಳಿ ಸೇರಿರುವುದೂ ಉಂಟು. ಪೆಡಲು ಮೆತ್ತಗಿದ್ದು, ಎರಡು ಮೂರು ಸಲ ತುಳಿದ ಮೇಲೆ ಗಟ್ಟಿಯಾಗುವುದಾದರೆ ಗಾಳಿಯನ್ನು ಹೊರದೂಡಿಸತಕ್ಕದ್ದು.

ಮೂರನೆಯ ಪರೀಕ್ಷೆ: ಹೌಸಿಂಗಿನ ತಳದ ತೂತು

ಕ್ಲಚ್ಚಿನ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ತೂತು ಇರುವುದು. ಒಳಗೆ ಎಣ್ಣೆ ಸೋರಿದರೆ ಅಲ್ಲಿಂದ ತೊಟ್ಟಿಕ್ಕುವುದು. ಆ ತೊಟ್ಟನ್ನು ಬಿಳಿಯ ಬಟ್ಟೆಯ ಮೇಲೆ ಹಿಡಿದು ನೋಡಬೇಕು. ತೆಳ್ಳಗೆ ಕಪ್ಪಾಗಿದ್ದರೆ ಅದು ಎಂಜಿನಿನ ಎಣ್ಣೆ. ಎಂಜಿನಿನ ಹಿಂಬದಿಯ ಆಯಿಲ್ ಸೀಲು ಕೆಟ್ಟಿರುವುದು. ಮಂದವಾಗಿ ನಸುಹಳದಿಯಾಗಿದ್ದರೆ ಅದು ಗೇರ್ ಬಾಕ್ಸಿನ ಎಣ್ಣೆ; ಗೇರ್ ಬಾಕ್ಸಿನ ಮುಂದಣ ಸೀಲು ಕೆಟ್ಟಿರುವುದು. ಎಣ್ಣೆ ಬಿದ್ದ ಲೈನಿಂಗು ಜಾರುವುದು, ನಡುಗುವುದು. ಎಣ್ಣೆಯನ್ನು ಹೀರಿದ ಲೈನಿಂಗನ್ನು ಡೀಸೆಲಿನಿಂದಲೋ ಪೆಟ್ರೋಲಿನಿಂದಲೋ ತೊಳೆದು ಮತ್ತೆ ಹಾಕುವುದು ಹಣ ಉಳಿಸುವ ಮಾರ್ಗವಲ್ಲ. ಬಿಸಿಯಾದೊಡನೆ ಒಳಗಿನ ಎಣ್ಣೆಯು ಮತ್ತೆ ಮೇಲಕ್ಕೆ ಬರುವುದು. ಅಂಥ ಪ್ಲೇಟನ್ನು ಬದಲಿಸಬೇಕು. ಸೀಲನ್ನು ಅದಕ್ಕೂ ಮೊದಲು ಬದಲಿಸಬೇಕು.

ನಾಲ್ಕನೆಯ ಪರೀಕ್ಷೆ: ನಡೆಸಿ ನೋಡುವುದು

ಬಿಡುವುದನ್ನು ಪರೀಕ್ಷಿಸಲು ಎಂಜಿನನ್ನು ನಿಧಾನ ವೇಗದಲ್ಲಿ ನಡೆಸಿ, ಪೆಡಲನ್ನು ಪೂರಾ ತುಳಿದು, ಕೆಲವು ಕ್ಷಣ ತಡೆದು ಹಿಂದಣ ಗೇರನ್ನು ಹಾಕಬೇಕು. ಸದ್ದಿಲ್ಲದೆ ಬಿದ್ದರೆ ಕ್ಲಚ್ಚು ಬಿಡುತ್ತಿದೆ ಎಂದು ತಿಳಿಯಬಹುದು.

ಹಿಡಿಯುವುದನ್ನು ಪರೀಕ್ಷಿಸಲು ಟ್ರಾಲಿಯನ್ನೂ ಉಪಕರಣಗಳನ್ನೂ ಕಳಚಿ, ಬ್ರೇಕನ್ನು ಬಿಗಿದು, ಚಕ್ರಗಳಿಗೆ ಕಲ್ಲು ಕೊಟ್ಟು, ಎಲ್ಲಕ್ಕಿಂತ ಮೇಲಿನ ಗೇರನ್ನು ಹಾಕಿ, ಪೆಡಲನ್ನು ಕ್ರಮವಾಗಿ ಬಿಡಬೇಕು. ಎಂಜಿನು ಒಡನೆಯೇ ನಿಂತುಹೋಗಬೇಕು. ನಿಲ್ಲದೆ ತಿರುಗುತ್ತಿದ್ದರೆ ಕ್ಲಚ್ಚು ಜಾರುತ್ತಿದೆ. ಈ ಪರೀಕ್ಷೆಯನ್ನು ಒಂದೆರಡು ಸಲಕ್ಕಿಂತ ಹೆಚ್ಚಾಗಿ ಮಾಡಬಾರದು. ಟ್ರ್ಯಾಕ್ಟರಿನ ಹಿಂದೆ ಮುಂದೆ ಯಾರೂ ನಿಲ್ಲಕೂಡದು.

ಸದ್ದಿನ ವಿಷಯದಲ್ಲಿ ಹೀಗೆ ವಿವೇಚಿಸಬೇಕು. ಗೇರು ಹಾಕದೆ ಕಾಲು ತೆಗೆದಿರುವಾಗ ಸದ್ದಿದ್ದು, ಪೆಡಲನ್ನು ತುಳಿದರೆ ನಿಲ್ಲುವುದಾದರೆ ದೋಷವು ಗೇರ್ ಬಾಕ್ಸಿನ ಮುಂದಣ ಶಾಫ್ಟಿನ ಬೇರಿಂಗಿನಲ್ಲಿ ಇರುವ ಸಂಭವ ಹೆಚ್ಚು. ಪೆಡಲನ್ನು ಮುಟ್ಟಿದೊಡನೆ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗನ್ನು ಸಂಶಯಿಸಬೇಕು. ಪೂರಾ ತುಳಿದಾಗ ಮಾತ್ರ ಸದ್ದಾದರೆ ಪೈಲಟ್ ಬೇರಿಂಗನ್ನು ಸಹ ನೋಡಬೇಕು. ಏಕೆಂದರೆ ಆಗ ಮಾತ್ರ ಶಾಫ್ಟಿನ ತುದಿಯೂ ಫ್ಲೈವ್ಹೀಲೂ ಬೇರೆ ಬೇರೆ ವೇಗದಲ್ಲಿರುವುವು.

ಮರಳಿ ಬಿಚ್ಚಲೇಬೇಕಾದಾಗ

ಮೇಲ್ಕಂಡ ನಾಲ್ಕು ಪರೀಕ್ಷೆಗಳಿಂದಲೂ ಪರಿಹಾರ ದೊರೆಯದಿದ್ದರೆ ಮಾತ್ರ ಟ್ರ್ಯಾಕ್ಟರನ್ನು ಬಿಚ್ಚಬೇಕು. ಆಗ ಮೊಟ್ಟಮೊದಲು ಕೆಲಸಗಾರರ ಪ್ರಾಣರಕ್ಷಣೆಯ ಕಡೆಗೆ ಲಕ್ಷ್ಯ ಕೊಡತಕ್ಕದ್ದು.

ಟ್ರ್ಯಾಕ್ಟರಿನ ಮುಂದಣ ಅಚ್ಚು ನಡುವಣ ಒಂದೇ ಕೀಲಿನ ಮೇಲೆ ಎಡಕ್ಕೂ ಬಲಕ್ಕೂ ತೂಗಾಡುವಂತೆ ರಚಿತವಾಗಿದೆ. ಹಿಂಭಾಗದಿಂದ ಬೇರ್ಪಟ್ಟ ಎಂಜಿನು ಆ ಒಂದು ಕೀಲಿನ ಮೇಲೆ ನಿಂತು ಪಕ್ಕಕ್ಕೆ ಉರುಳಿಬೀಳಬಹುದು. ಆದುದರಿಂದ ಬೋಲ್ಟುಗಳನ್ನು ಸಡಿಲಿಸುವ ಮುಂಚೆಯೇ ಅಚ್ಚಿಗೂ ಅದರ ಮೇಲಿನ ಆಸರೆಗೂ ನಡುವೆ ಎರಡು ಪಕ್ಕದಲ್ಲಿಯೂ ಗಟ್ಟಿಮರದ ಬೆಣೆಗಳನ್ನು ಹೊಡೆದು ಬಿಗಿಮಾಡಬೇಕು. ಹಿಂದಣ ಚಕ್ರಗಳಿಗೆ ಎರಡು ಕಡೆಯೂ ತಡೆ ಕೊಡಬೇಕು. ಗೇರ್ ಬಾಕ್ಸಿನ ಕೆಳಗೆ ಭದ್ರವಾದ ಸ್ಟ್ಯಾಂಡನ್ನೂ, ಎಂಜಿನಿನ ಕೆಳಗೆ ಚಕ್ರವುಳ್ಳ ಸ್ಟ್ಯಾಂಡನ್ನೂ ಇಡಬೇಕು. ಜಾಕಿನ ಮೇಲೆ ಮಾತ್ರ ನಿಲ್ಲಿಸುವುದು, ಇಟ್ಟಿಗೆಗಳನ್ನು ಒಟ್ಟಿ ಆಸರೆ ಕೊಡುವುದು ಸರ್ವಥಾ ಸಲ್ಲದು. ಬ್ಯಾಟರಿಯ ತಂತಿಯನ್ನು ಮೊದಲೇ ಕಳಚಿರಬೇಕು. ನೆಲವು ಸಮವಾಗಿಯೂ ಗಟ್ಟಿಯಾಗಿಯೂ ಇರಬೇಕು; ಕಣದ ಮೆತ್ತನೆಯ ಮಣ್ಣಿನ ಮೇಲೆ ಈ ಕೆಲಸವನ್ನು ಮಾಡಕೂಡದು.

ಒಳಗಣ ಧೂಳನ್ನು ಗಾಳಿಯಿಂದ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಘಾತಕವಾದುದು. ಮೂಗು ಬಾಯಿಗಳನ್ನು ಮುಚ್ಚಿಕೊಂಡು ಒದ್ದೆಬಟ್ಟೆಯಿಂದ ಒರೆಸುವುದು ಕ್ಷೇಮ. ಕಳಚುತ್ತಿರುವಾಗ ಪ್ರತಿಯೊಂದು ಭಾಗವೂ ಯಾವ ಮುಖವಾಗಿ ಇತ್ತೆಂಬುದನ್ನು ಸೀಮೆಸುಣ್ಣದಿಂದ ಗುರುತಿಸಿ, ಮೊಬೈಲ್ ಫೋನಿನಿಂದ ಚಿತ್ರವನ್ನು ತೆಗೆದಿರಿಸಿಕೊಂಡರೆ ಕೂಡಿಸುವಾಗ ವಾದಕ್ಕೆ ಎಡೆಯಿರುವುದಿಲ್ಲ.

ಬಿಚ್ಚಿದ ಮೇಲೆ ನೋಡತಕ್ಕ ಸಂಗತಿಗಳು

೧. ಕ್ಲಚ್ ಪ್ಲೇಟು ತಿರುವುಮುರುವಾಗಿ ಹಾಕಲ್ಪಟ್ಟಿದೆಯೋ. ಪ್ಲೇಟಿನ ನಡುಗುಂಬವು ಒಂದು ಕಡೆ ಹೆಚ್ಚು ಚಾಚಿರುವುದು. ಅದು ತಪ್ಪು ಮುಖವಾದರೆ ಫ್ಲೈವ್ಹೀಲಿನ ಬೋಲ್ಟುಗಳಿಗೆ ತಗುಲಿ ಕ್ಲಚ್ಚು ಬಿಡದು. ಫ್ಲೈವ್ಹೀಲಿನ ಕಡೆಗೆ ಇರತಕ್ಕ ಮುಖವನ್ನು ಅನೇಕ ಪ್ಲೇಟುಗಳ ಮೇಲೆಯೇ ಅಚ್ಚೊತ್ತಿರುವರು.

೨. ಪ್ಲೇಟು ಬಾಗಿದೆಯೋ. ಕೂಡಿಸುವಾಗ ಎಂಜಿನಿನ ಅಥವಾ ಗೇರ್ ಬಾಕ್ಸಿನ ಭಾರವನ್ನು ಪ್ಲೇಟಿನ ಮೇಲೆ ತೂಗಬಿಟ್ಟಿದ್ದರೆ ಅದು ಬಾಗುವುದು. ಬಾಗಿದ ಪ್ಲೇಟನ್ನು ಬಡಿದು ನೆಟ್ಟಗೆ ಮಾಡಿ ಉಪಯೋಗಿಸಬಾರದು.

೩. ಪ್ಲೇಟು ಶಾಫ್ಟಿನ ಹಲ್ಲುಗಳ ಮೇಲೆ ಕೈಯಿಂದಲೇ ಸಲೀಸಾಗಿ ಜಾರುವುದೋ. ತುಕ್ಕು, ಪೆಟ್ಟು, ಒಣಗಿದ ಜಿಡ್ಡು ಇದ್ದರೆ ತೆಗೆಯಬೇಕು. ಹಲ್ಲುಗಳಿಗೆ ಗ್ರೀಸನ್ನು ತೆಳ್ಳಗೆ ಸವರಿ ಹೆಚ್ಚಾದುದನ್ನು ಒರೆಸಬೇಕು. ಹೆಚ್ಚು ಗ್ರೀಸು ಲೈನಿಂಗಿನ ಮೇಲೆ ಸಿಡಿಯುವುದು.

೪. ಪೈಲಟ್ ಬೇರಿಂಗು ನಯವಾಗಿ ತಿರುಗುವುದೋ. ಅದು ಬಿಗಿದುಕೊಂಡಿದ್ದರೆ ಎಂಜಿನು ತಿರುಗಿದಂತೆಲ್ಲಾ ಶಾಫ್ಟನ್ನೂ ಎಳೆದುಕೊಂಡು ತಿರುಗುವುದು. ಕ್ಲಚ್ಚು ಸರಿಯಿದ್ದರೂ ಬಿಡದಂತೆ ತೋರುವುದು.

೫. ಫ್ಲೈವ್ಹೀಲಿನ ಮುಖದ ಮೇಲೆ ನೀಲಿಯ ಕಲೆ, ಬಿರುಕು, ತಗ್ಗು ಇವೆಯೋ. ಲೇತಿನಲ್ಲಿ ಸಮಮಾಡಿಸಬೇಕಾದರೆ, ಪ್ರೆಶರ್ ಪ್ಲೇಟು ಕುಳಿತುಕೊಳ್ಳುವ ಅಂಚು ಬೇರೆ ಎತ್ತರದಲ್ಲಿರುವ ಫ್ಲೈವ್ಹೀಲುಗಳಲ್ಲಿ ಎರಡು ಮೈಯನ್ನೂ ಒಂದೇ ಪ್ರಮಾಣದಲ್ಲಿ ತೆಗೆಯಿಸಬೇಕು. ನಡುವಣ ಮುಖವನ್ನು ಮಾತ್ರ ತೆಗೆದರೆ ಅದುಮುವಿಕೆ ಕಡಮೆಯಾಗಿ ಹೊಸ ಪ್ಲೇಟೂ ಜಾರುವುದು.

೬. ಎರಡು ಸೀಲುಗಳೂ ಚೆನ್ನಾಗಿವೆಯೋ. ಬಿಚ್ಚುವ ಕೂಲಿಯೊಡನೆ ಹೋಲಿಸಿದರೆ ಸೀಲಿನ ಬೆಲೆ ಅಲ್ಪ. ಒಂದು ಸಲ ತೆರೆದಾಗ ಎರಡನ್ನೂ ಬದಲಿಸುವುದು ಬುದ್ಧಿವಂತಿಕೆ. ಮುಚ್ಚಿದ ಜಾತಿಯ ರಿಲೀಸ್ ಬೇರಿಂಗನ್ನು ಡೀಸೆಲಿನಲ್ಲಿ ಅದ್ದಿ ತೊಳೆಯಬಾರದು. ಅದರೊಳಗಣ ಗ್ರೀಸು ತೊಳೆದುಹೋಗುವುದು.

ಕೂಡಿಸುವ ಕ್ರಮ

ಎಲ್ಲಾ ದೋಷಗಳಿಗೂ ತವರಾದುದು ಈ ಘಟ್ಟವೇ. ಮೊದಲು ಕ್ಲಚ್ ಪ್ಲೇಟನ್ನು ಫ್ಲೈವ್ಹೀಲಿನ ನಡುವಿಗೆ ಸರಿಯಾಗಿ ನಿಲ್ಲಿಸಬೇಕು. ಕಣ್ಣಂದಾಜು ಸಾಲದು, ಗೇರ್ ಬಾಕ್ಸಿನ ಶಾಫ್ಟಿನಂತೆಯೇ ಇರುವ ಹಳೆಯ ಶಾಫ್ಟೊಂದನ್ನು ತೂರಿಸಿ ನಡುವನ್ನು ಹಿಡಿಯಬೇಕು. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಬೆರಳುಗಳ ಎತ್ತರವನ್ನು ಅಳೆದು ನೋಡಿದ ಮೇಲೆಯೇ ಮುಂದುವರಿಯಬೇಕು.

ಎಂಜಿನನ್ನು ಹಿಂದಕ್ಕೆ ಸರಿಸುವಾಗ ಎರಡು ಹೌಸಿಂಗುಗಳ ಮುಖಗಳು ಎಲ್ಲಾ ಕಡೆಯಲ್ಲಿಯೂ ಸಮಾನ ಅಂತರದಲ್ಲಿರಬೇಕು. ತಲೆ ಕೊಯ್ದ ಎರಡು ಉದ್ದನೆಯ ಬೋಲ್ಟುಗಳನ್ನು ಎರಡು ಪಕ್ಕದ ತೂತುಗಳಲ್ಲಿ ನಿಲ್ಲಿಸಿಕೊಂಡರೆ ಅವು ದಾರಿ ತೋರಿಸುವುವು. ಹಲ್ಲುಗಳು ಒಂದರೊಳಗೊಂದು ಸೇರದಿದ್ದರೆ ಒಬ್ಬನು ಎಂಜಿನಿನ ಮುಂಗಡೆಯ ಪುಲ್ಲಿಯಿಂದ ಫ್ಲೈವ್ಹೀಲನ್ನು ಕೈಯಿಂದ ತುಸು ತಿರುಗಿಸಬೇಕು. ಆಗ ಮುಖಗಳು ತಾವಾಗಿ ಬಂದು ಕೂಡುವುವು.

ಹೌಸಿಂಗುಗಳ ನಡುವೆ ಸಂದು ಉಳಿದಿರುವಾಗ ಬೋಲ್ಟುಗಳಿಂದ ಎಳೆದು ಮುಚ್ಚುವುದೇ ಮಹಾಪರಾಧವು. ಆ ಸಂದಿನೊಳಗೆ ಬಾಗುತ್ತಿರುವುದು ಕ್ಲಚ್ ಪ್ಲೇಟು ಅಥವಾ ಒಡೆಯುತ್ತಿರುವುದು ಪೈಲಟ್ ಬೇರಿಂಗು. ಸಂದು ಮುಚ್ಚಿದರೂ ದೋಷವು ಒಳಗೇ ಕುಳಿತುಕೊಳ್ಳುವುದು. ಕೈಯಿಂದ ತಳ್ಳಿದರೆ ಕೂಡದಿದ್ದಲ್ಲಿ ಹಿಂದಕ್ಕೆ ಎಳೆದು ಕಾರಣವನ್ನು ಹುಡುಕಬೇಕು. ಡೋವೆಲ್ ಪಿನ್ನುಗಳು ತಮ್ಮ ತಮ್ಮ ಸ್ಥಾನದಲ್ಲಿರಬೇಕು. ತೂತುಗಳು ಒಂದಕ್ಕೊಂದು ಎದುರಾದುವೋ ಎಂದು ಬೆರಳನ್ನು ಹಾಕಿ ನೋಡುವ ಅಭ್ಯಾಸವನ್ನು ಯಜಮಾನನು ಕಂಡಲ್ಲಿ ತಡೆಯಬೇಕು. ಭಾರವು ಸರಿದರೆ ಬೆರಳು ಉಳಿಯದು.

ಮೂರು ತಾಲ್ಲೂಕುಗಳ ವಿಶೇಷ

ಸಿಂಧನೂರಿನ ಗದ್ದೆಗಳಲ್ಲಿ ಕೇಜ್ ವ್ಹೀಲನ್ನು ಕಟ್ಟಿ ಕೆಸರು ಮಾಡುವಾಗ ನೀರೂ ಕೆಸರೂ ಹೌಸಿಂಗಿನ ತಳದ ತೂತಿನಿಂದ ಒಳಕ್ಕೆ ನುಗ್ಗುವುವು. ಅನೇಕ ಟ್ರ್ಯಾಕ್ಟರುಗಳಿಗೆ ಈ ತೂತನ್ನು ಮುಚ್ಚುವ ತಿರುಪು ಬಿರಡೆಯನ್ನು ಕೊಟ್ಟಿರುವರು. ಕೆಸರಿಗೆ ಇಳಿಸುವ ಮುನ್ನ ಹಾಕಿ, ಕೆಲಸ ಮುಗಿದ ಮೇಲೆ ತೆಗೆಯಬೇಕು. ತೆಗೆಯದಿದ್ದರೆ ಸೋರಿದ ಎಣ್ಣೆಯು ಒಳಗೇ ನಿಂತು ಲೈನಿಂಗನ್ನು ಕೆಡಿಸುವುದು. ನೀರು ಸೇರಿ ಹಲವು ದಿನ ನಿಲ್ಲಿಸಿಟ್ಟ ಟ್ರ್ಯಾಕ್ಟರಿನಲ್ಲಿ ತುಕ್ಕಿನಿಂದ ಪ್ಲೇಟು ಫ್ಲೈವ್ಹೀಲಿಗೆ ಅಂಟಿಕೊಳ್ಳುವುದೂ ಉಂಟು; ಅದನ್ನು ಬಿಡಿಸುವ ಕೆಲಸವನ್ನು ನುರಿತ ಮೇಸ್ತ್ರಿಗೇ ಒಪ್ಪಿಸಬೇಕು.

ಲಿಂಗಸುಗೂರಿನ ಕಡೆ ಕೆಸರಿಗಿಂತ ಧೂಳೂ ಟ್ರಾಲಿಯ ಭಾರವೂ ಹೆಚ್ಚು. ಏರಿನಲ್ಲಿ ಹೇರಿದ ಟ್ರಾಲಿಯನ್ನು ಅರ್ಧ ಕ್ಲಚ್ಚಿನ ಮೇಲೆ ಹಿಡಿದು ನಿಲ್ಲಿಸುವುದೂ, ದಾರಿಯುದ್ದಕ್ಕೂ ಪೆಡಲಿನ ಮೇಲೆ ಕಾಲಿಟ್ಟಿರುವುದೂ ಹೊಸ ಪ್ಲೇಟನ್ನು ಅಲ್ಪಕಾಲದಲ್ಲಿಯೇ ಸುಡುವುವು. ಇದು ಜೋಡಣೆಯ ದೋಷವಲ್ಲ, ಚಾಲಕನ ಅಭ್ಯಾಸದ ದೋಷ. ಪೆಡಲಿನ ಕೀಲುಗಳಲ್ಲಿ ಧೂಳು ತುಂಬಿದರೆ ಪೆಡಲು ಪೂರಾ ಮೇಲೇಳದೆ ಅದೇ ಫಲವಾಗುವುದು. ಆದುದರಿಂದ ಆ ಕೀಲುಗಳಿಗೆ ಗ್ರೀಸನ್ನು ತಪ್ಪದೆ ಕೊಡಬೇಕು.

ಮಸ್ಕಿಯಲ್ಲಿ ಒಂದೇ ಟ್ರ್ಯಾಕ್ಟರು ಗದ್ದೆಗೂ ಹೊಲಕ್ಕೂ ಹೋಗುವುದುಂಟು. ಒಂದರಿಂದ ಮತ್ತೊಂದಕ್ಕೆ ಹೋಗುವ ದಿನದಲ್ಲಿ ಬಿರಡೆ, ತೂತು, ಪೆಡಲಿನ ಸಡಿಲು ಈ ಮೂರನ್ನು ನೋಡುವ ಪದ್ಧತಿಯನ್ನು ಇಟ್ಟುಕೊಳ್ಳಬೇಕು.

ಜೋಡಿ ಕ್ಲಚ್ಚಿನಲ್ಲಿ ಎರಡನೆಯ ಹಂತವು ಸರಿಯಾಗಿ ಬಿಡದಿದ್ದರೆ ಪೆಡಲು ತುಳಿದಿದ್ದರೂ ಪಿ.ಟಿ.ಓ. ಶಾಫ್ಟು ತಿರುಗುತ್ತಲೇ ಇರುವುದು. ರೊಟಾವೇಟರಿಗೆ ಸುತ್ತಿದ ಹುಲ್ಲನ್ನು ಬಿಡಿಸಲು ಕೈಹಾಕಿದವನು ಕೈಯನ್ನೋ ಪ್ರಾಣವನ್ನೋ ಕಳೆದುಕೊಳ್ಳುವ ಸಂಭವ ಉಂಟು. ಕ್ಲಚ್ಚನ್ನು ನಂಬದೆ ಎಂಜಿನನ್ನೇ ನಿಲ್ಲಿಸಿದ ಮೇಲೆ ಹತ್ತಿರ ಹೋಗಬೇಕು.

ಗ್ರಾಮದ ಹಿರಿಯರ ಮತ್ತು ಭೂಮಾಲೀಕರ ಕರ್ತವ್ಯ

ಟ್ರ್ಯಾಕ್ಟರನ್ನು ಗ್ಯಾರೇಜಿಗೆ ಒಪ್ಪಿಸಿ ಊರಿಗೆ ಹಿಂದಿರುಗುವ ಯಜಮಾನನು, ಎಂಜಿನು ಕೂಡುವ ಒಂದು ಗಂಟೆಯ ಕಾಲವಾದರೂ ಎದುರಿಗೆ ನಿಂತಿರುವುದು ಒಳ್ಳೆಯದು. ಮೇಸ್ತ್ರಿಯ ಕೌಶಲವನ್ನು ಸಂದೇಹಿಸಬೇಕೆಂದು ಇದರ ಅರ್ಥವಲ್ಲ. ಹಂಗಾಮಿನಲ್ಲಿ ಹತ್ತು ಟ್ರ್ಯಾಕ್ಟರುಗಳು ಬಾಗಿಲಲ್ಲಿ ನಿಂತಿ­ರುವಾಗ ಅವನಿಗೂ ಅವಸರವಿರುವುದು. ಎದುರಿಗೆ ಯಜಮಾನನಿದ್ದರೆ ಅಳತೆಯು ತಪ್ಪುವುದಿಲ್ಲ. ಬದಲಿಸಿದ ಹಳೆಯ ಸಾಮಾನುಗಳನ್ನು ಕೇಳಿ ಪಡೆಯಬೇಕು. ಕೆಲಸದ ದಿನಾಂಕ, ಯಂತ್ರವು ನಡೆದ ಗಂಟೆ, ಪೆಡಲಿನ ಸಡಿಲು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹೊಸ ಪ್ಲೇಟಿಗೆ ಮೊದಲ ದಿನಗಳಲ್ಲಿ ಹಗುರವಾದ ಕೆಲಸವನ್ನು ಕೊಟ್ಟು, ಬಳಿಕ ಸಡಿಲನ್ನು ಮತ್ತೊಮ್ಮೆ ಅಳೆಯಬೇಕು.

ಕ್ಲಚ್ಚು ಸವೆದಿದೆಯೆಂದು ತಿಳಿದಿದ್ದರೆ ಬೇಸಗೆಯಲ್ಲಿ ಕಾಲುವೆ ನಿಂತು ಹೊಲಗದ್ದೆಗಳು ಬರಿದಾಗಿರುವಾಗಲೇ ಆ ಕೆಲಸವನ್ನು ಮುಗಿಸುವುದು ಲೇಸು. ಹಂಗಾಮಿನ ನಡುವೆ ಯಂತ್ರವು ನಿಂತರೆ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರದಿಂದ ಟ್ರ್ಯಾಕ್ಟರು ದೊರೆಯುವುದೋ ಎಂದು ಗ್ರಾಮದ ಹಿರಿಯರು ವಿಚಾರಿಸಿ, ಸಸಿ ಬಲಿಯುತ್ತಿರುವವರ ಗದ್ದೆಗೆ ಮೊದಲು ಸರದಿ ಕೊಡಿಸಬೇಕು. ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯೂ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಮಹಾವಿದ್ಯಾಲಯವೂ ಇವೆ. ಊರಿನ ಒಬ್ಬಿಬ್ಬರು ತರುಣರು ಈ ವಿದ್ಯೆಯಲ್ಲಿ ಪಳಗುವಂತೆ ಮಾಡಿದರೆ ಆ ಪ್ರಯೋಜನವು ಇಡೀ ಗ್ರಾಮಕ್ಕೆ ಸಲ್ಲುವುದು.

ಸಾರಾಂಶ

೧. ದೋಷವು ಬಿಡದಿರುವುದೋ, ಜಾರುವುದೋ, ನಡುಗುವುದೋ, ಸದ್ದೋ ಎಂಬುದನ್ನು ಮೊದಲು ನಿಶ್ಚಯಿಸುವುದು.

೨. ಪೆಡಲಿನ ಸಡಿಲು, ಕಿಂಡಿಯ ನೋಟ, ತಳದ ತೂತು, ನಡೆಸಿ ನೋಡುವುದು, ಈ ಕ್ರಮವನ್ನು ತಪ್ಪದೆ ಅನುಸರಿಸುವುದು.

೩. ಹೊಸ ಪ್ಲೇಟನ್ನು ಹಾಕಿದಾಗಲೆಲ್ಲಾ ಸಲಾಕೆಯನ್ನು ಹೊಸದಾಗಿ ಹೊಂದಿಸುವುದು.

೪. ಮುಂದಣ ಅಚ್ಚಿಗೆ ಬೆಣೆ ಹೊಡೆಯದೆ ಟ್ರ್ಯಾಕ್ಟರನ್ನು ಬಿಚ್ಚದಿರುವುದು.

೫. ಹೌಸಿಂಗುಗಳ ಸಂದನ್ನು ಬೋಲ್ಟಿನಿಂದ ಎಳೆದು ಮುಚ್ಚದಿರುವುದು.

೬. ಕೆಸರಿಗೆ ಇಳಿಸುವಾಗ ಬಿರಡೆಯನ್ನು ಹಾಕುವುದು. ಮೇಲೆ ಬಂದಾಗ ತೆಗೆಯುವುದು.

೭. ಎಂಜಿನನ್ನು ನಿಲ್ಲಿಸದೆ ರೊಟಾವೇಟರಿಗೆ ಕೈಹಾಕದಿರುವುದು.